ಹಂಡೆಯೊಳಗಿನ ಬತ್ತಿ

ಇಲಿ ಹಿಡಿಯುವ ಕೆಲಸಕ್ಕೆ ಯಾರೂ ಆಸೆಪಟ್ಟು ಬರುವುದಿಲ್ಲ. ನಾನೂ ಬರಲಿಲ್ಲ. ಕೆಲಸ ಮಾಡುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿತ್ತು, ಮನೆಯಲ್ಲಿ ಕೂತಿದ್ದೆ. ಶ್ರೀರಾಂಪುರದ ನಮ್ಮ ಬೀದಿಯಲ್ಲೇ ಇದ್ದ ಮುನಿಯಪ್ಪನವರು ಮಲ್ಲೇಶ್ವರದ ಒಂದು ಕಂಪನಿಯಲ್ಲಿ ಈ ಕೆಲಸದ ಮೇಸ್ತ್ರಿ. "ಸುಮ್ನೆ ಕೂತ್ಕೊಂಡು ಏನ್ ಮಾಡ್ತೀಯ ಶಿವಣ್ಣ, ನಾಳೆಯಿಂದ ಬಂದ್ಬಿಡು" ಎಂದರು. ಆ ನಾಳೆ ತೊಂಬತ್ತರ ದಶಕದ ಆರಂಭದಲ್ಲಿ ಶುರುವಾಗಿ, ನನ್ನ ಎರಡು ಮಂಡಿಗಳೂ ಕೈಕೊಡುವ ತನಕ ನಡೆಯಿತು.

ಈಗ ಕಂಪನಿಗೆ ಹೊಸದಾಗಿ ಸೇರಿದವರು ಆಗಾಗ ಮನೆಗೆ ಬಂದು ಕೂರುತ್ತಾರೆ. ಕಾಫಿ ಕುಡಿದು ಕೇಳುವುದು ಒಂದೇ ಪ್ರಶ್ನೆ: ಯಾವ ಔಷಧಿ ಒಳ್ಳೆಯದು? ಔಷಧಿಯ ವಿಷಯ ಡಬ್ಬಿಯ ಮೇಲೆಯೇ ಬರೆದಿರುತ್ತದೆ, ಅದಕ್ಕೆ ನಾನು ಬೇಡ. ಇಲಿ ಏಕೆ ಕೂಡಿಡುತ್ತದೆ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಇಷ್ಟೆಲ್ಲ ಬರೆಯುವ ಕಷ್ಟ ನನಗೆ ತಪ್ಪುತ್ತಿತ್ತು. ಚಾಮರಾಜಪೇಟೆಯಲ್ಲಿ ಎರಡು ಪಾಲಾದ ಒಂದು ಮನೆಯಿತ್ತು. ಅಲ್ಲಿ ಒಂದೇ ಗೋಡೆಯ ಆಚೆ ಈಚೆ ಬದುಕುತ್ತಿದ್ದ ಇಬ್ಬರು ಓರಗಿತ್ತಿಯರು ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಅವರ ಮಾತು ನಿಂತ ಕಾರಣ ಒಂದು ಇಲಿಗೂಡಿನಲ್ಲಿ ಬಿದ್ದಿತ್ತು. ಆ ಮನೆಯ ವಿಷಯ ಹೇಳದೆ ನನ್ನ ಕೆಲಸದ ವಿಷಯ ಮುಗಿಯುವುದಿಲ್ಲ. ಆದರೆ ಅಲ್ಲಿಗೆ ಹೋಗುವ ಮುಂಚೆ ಸ್ವಲ್ಪ ಸುತ್ತಾಡಬೇಕು.

ಮುನಿಯಪ್ಪನವರು ಯಾವ ಮನೆಗೆ ಹೋದರೂ ಇಲಿಯನ್ನು ಹುಡುಕುತ್ತಿರಲಿಲ್ಲ. ಹಿತ್ತಲ ಬಾಗಿಲಲ್ಲಿ ನಿಂತು, "ಅಮ್ಮಾ, ಏನೇನು ಕಳ್ದಿದೆ ಹೇಳಿ" ಎನ್ನುತ್ತಿದ್ದರು. ಹಿತ್ತಲ ಬಾಗಿಲು ಏಕೆಂದರೆ ನಮ್ಮನ್ನು ಮುಂಬಾಗಿಲಿನಿಂದ ಕರೆಯುವವರು ಕಡಿಮೆ. ಸೋಪು, ಕೊಬ್ಬರಿ ಚೂರು ಕಳೆದಿದ್ದರೆ ಮನೆಯಿಲಿ, ಅದು ಮೇಲೆಲ್ಲೋ ಇದೆ. ಕೂಸಿನ ಕಾಲುಚೀಲ, ಹತ್ತಿ, ಹಳೇ ಬಟ್ಟೆ ಹೋಗಿದ್ದರೆ ಮರಿ ಹಾಕಲಿರುವ ಹೆಣ್ಣಿಲಿ. ಆಲೂಗಡ್ಡೆ, ಈರುಳ್ಳಿ ಹೋಗಿ ನೆಲದ ಮೇಲೆ ಮಣ್ಣು ಬಿದ್ದಿದ್ದರೆ ಚರಂಡಿಯಿಂದ ಬರುವ ಹೆಗ್ಗಣ. ಮನೆಯವರಿಗೆ ಇದು ಶಾಸ್ತ್ರ ಹೇಳುವವರ ಹಾಗೆ ಕಾಣುತ್ತಿತ್ತು. ಮುನಿಯಪ್ಪನವರು ಬೀಡಿ ಹಚ್ಚಿಕೊಂಡು, "ಏನಿಲ್ಲಮ್ಮ, ಸಾಮಾನು ಎಲ್ಲಿ ಸೇರಿದ್ಯೋ ಅಲ್ಲೇ ಅದೂ ಇರತ್ತೆ" ಎನ್ನುತ್ತಿದ್ದರು.

ಇಲಿ ಬಯಲಿನಲ್ಲಿ ಕೂತು ನೆಮ್ಮದಿಯಾಗಿ ತಿನ್ನುವ ಪ್ರಾಣಿಯಲ್ಲ. ಬೆಕ್ಕು, ಗೂಬೆ, ಪೊರಕೆ ಹಿಡಿದ ಅಜ್ಜಿ ಎಲ್ಲರೂ ಅದರ ಮೇಲೆಯೇ. ಸಿಕ್ಕಿದ್ದನ್ನು ಕಚ್ಚಿಕೊಂಡು, ಗೋಡೆಗೆ ಮೈ ತಾಗಿಸಿಕೊಂಡು ಓಡಿ, ಬೆನ್ನಿಗೆ ಆಸರೆಯಿರುವ ಕತ್ತಲ ಮೂಲೆ ಸೇರಿದ ಮೇಲೆಯೇ ಅದಕ್ಕೆ ಉಸಿರು. ಹೊಟ್ಟೆ ತುಂಬಿದ ಮೇಲೂ ಮತ್ತೆ ಬರುತ್ತದೆ. ಇವತ್ತು ಡಬ್ಬಿಯ ಮುಚ್ಚಳ ತೆರೆದಿದೆ, ನಾಳೆ ಮುಚ್ಚಿರಬಹುದು. ಒಮ್ಮೆ ಹಸಿದು ಕಂಗೆಟ್ಟ ಇಲಿ ಆಮೇಲೆ ಎಷ್ಟು ಸಿಕ್ಕರೂ ಸಾಗಿಸುತ್ತಲೇ ಇರುತ್ತದೆ, ಇದು ನಾನು ಕಂಡದ್ದು. ಕೂಡಿಟ್ಟದ್ದನ್ನೆಲ್ಲ ತಿನ್ನುತ್ತದೆಯೇ ಎಂದರೆ ಅದೂ ಇಲ್ಲ. ಕಡಲೆಕಾಯಿ ಪರಿಷೆ ಮುಗಿದ ಮೇಲೆ ಬಸವನಗುಡಿಯ ಚರಂಡಿ ಪಕ್ಕದ ಬಿಲಗಳಲ್ಲಿ ಹಸಿ ಕಡಲೆಕಾಯಿ ರಾಶಿ ಬಿದ್ದಿರುತ್ತಿತ್ತು. ಹೆಗ್ಗಣ ಮರೆತು, ತೇವ ತಾಗಿ, ಫುಟ್‌ಪಾತಿನ ಕಲ್ಲಿನ ಸಂದಿಯಲ್ಲಿ ಕಡಲೆಕಾಯಿ ಗಿಡ ಎದ್ದು ನಿಂತದ್ದನ್ನು ನೋಡಿದ್ದೇನೆ.

ಆ ಕಡೆಯ ಜನರ ಜೊತೆ ಗಣೇಶನ ಹಬ್ಬದ ಹತ್ತಿರ ವ್ಯವಹಾರ ಮಾಡುವುದು ಒಂದು ತಲೆನೋವು. ಹಬ್ಬಕ್ಕೆ ಮುಂಚೆ ಫೋನ್ ಮಾಡಿದವರು, ನಾವು ಹೋದರೆ, "ಈಗ ಬೇಡ, ಸ್ವಾಮಿಯ ವಾಹನ" ಎಂದು ವಾಪಸ್ ಕಳಿಸುವರು. ಗಣೇಶನನ್ನು ನೀರಿಗೆ ಬಿಟ್ಟ ಮಾರನೇ ದಿನವೇ ಎಲ್ಲರಿಂದಲೂ ಒಟ್ಟಿಗೆ ಫೋನು. ಒಬ್ಬರು ರಿಟೈರ್ಡ್ ಮೇಷ್ಟ್ರು ಮಾತ್ರ ಯಾವ ಕಾಲದಲ್ಲೂ ಕೊಲ್ಲಲು ಬಿಡುತ್ತಿರಲಿಲ್ಲ. ಬೋನಿನಲ್ಲಿ ಹಿಡಿದು ದೂರ ಬಿಡಬೇಕು. ಎಷ್ಟು ದೂರ ಸಾರ್ ಎಂದರೆ, "ನೀವು ಮಲ್ಲೇಶ್ವರದವರಲ್ವಾ, ಅಲ್ಲೇ ಬಿಟ್ಬಿಡಿ" ಎಂದರು.

ಅವೆನ್ಯೂ ರಸ್ತೆಯ ಒಂದು ಸ್ಟೇಷನರಿ ಗೋಡೌನ್‌ಗೆ ಹೋದದ್ದು ಇನ್ನೊಂದು ಬಗೆ. ಪೇಟೆಯಲ್ಲಿ ತಲೆತಲಾಂತರದಿಂದ ಅಂಗಡಿ ನಡೆಸಿಕೊಂಡು ಬಂದ ಸಾಹುಕಾರರು, ಹಣೆಯ ತುಂಬ ವಿಭೂತಿ, ಮಾತು ಕಡಿಮೆ. ಏನು ಕಳೆದಿದೆ ಎಂದು ಕೇಳಿದೆ. "ರಬ್ಬರು" ಎಂದರು. ಆಗ ಹಣ್ಣಿನ ವಾಸನೆಯ ರಬ್ಬರುಗಳು ಹೊಸದಾಗಿ ಬಂದಿದ್ದವು. ಮಕ್ಕಳು ಬರೆದದ್ದನ್ನು ಅಳಿಸುವುದಕ್ಕಿಂತ ಹೆಚ್ಚಾಗಿ ಮೂಸುವುದಕ್ಕೇ ಕೊಳ್ಳುತ್ತಿದ್ದರು. ಕಾಗದದ ರೀಮುಗಳ ಹಿಂದೆ ಕೈ ಹಾಕಿದರೆ ಕಿತ್ತಳೆ, ಸ್ಟ್ರಾಬೆರಿ, ಬಾಳೆಹಣ್ಣಿನ ಬಣ್ಣದ ರಬ್ಬರುಗಳ ಗುಡ್ಡೆ. ಪ್ರತಿಯೊಂದರ ಮೇಲೂ ಒಂದೊಂದು ಹಲ್ಲಿನ ಗುರುತು. ಇಲಿ ಕಚ್ಚಿ ನೋಡಿದೆ, ಹಣ್ಣಲ್ಲ ಎಂದು ಅದಕ್ಕೆ ಗೊತ್ತಾಗಿದೆ, ಆದರೂ ಬಿಡಲು ಮನಸ್ಸು ಬಂದಿಲ್ಲ. ಸಾಹುಕಾರರು ಬಹಳ ಹೊತ್ತು ನೋಡಿ, "ನಮ್ ಗಿರಾಕಿಗಳೂ ಹಿಂಗೇ" ಎಂದರು. ಅವರು ನಕ್ಕಿದ್ದನ್ನು ನಾನು ಕಂಡದ್ದು ಅದೊಂದು ಸಲ.

ಮಲ್ಲೇಶ್ವರದಲ್ಲಿ ಒಬ್ಬರು ವೀಣೆ ಟೀಚರ್ ಇದ್ದರು. ಅವರ ಮನೆಯಲ್ಲಿ ಏನೂ ಕಳೆದಿರಲಿಲ್ಲ. "ಮಂದ್ರದಲ್ಲಿ ನಾದ ಸರಿಯಿಲ್ಲ, ಯಾರೋ ಬಾಯಿಗೆ ಬಟ್ಟೆ ತುರುಕಿದ ಹಾಗಿದೆ" ಎಂದು ವೀಣೆ ರಿಪೇರಿಯವರನ್ನು ಕರೆಸಿದ್ದರು, ಅವರು ನೋಡಿ ನಮ್ಮನ್ನು ಕರೆಸಿದರು. ವೀಣೆಯ ಸಣ್ಣ ಬುರುಡೆಯನ್ನು ಬಿಚ್ಚಿದಾಗ ಒಳಗೆ ಹೆಸರುಬೇಳೆ, ಒಣದ್ರಾಕ್ಷಿ, ಎರಡು ಬಾದಾಮಿ, ಮಲ್ಲಿಗೆ ಹೂ ಕಟ್ಟಿದ ಬಾಳೆನಾರು. ನವರಾತ್ರಿಯ ನೈವೇದ್ಯ ಎಲ್ಲಿ ಹೋಗುತ್ತಿತ್ತು ಎಂದು ಆಗ ಗೊತ್ತಾಯಿತು. ಟೀಚರ್ ಅತ್ತುಬಿಟ್ಟರು. ಬುರುಡೆ ತೂತಾಗಿದ್ದಕ್ಕಲ್ಲ, ಅದರ ಪಕ್ಕದಲ್ಲೇ ಕೂತು ದಿನಾ ಪಾಠ ಹೇಳುತ್ತಿದ್ದರೂ ತಮಗೆ ತಿಳಿಯಲಿಲ್ಲವಲ್ಲ ಎಂದು. ಅಂಥ ಅಳುವನ್ನು ನೋಡಿಕೊಂಡು ನಿಲ್ಲುವುದೂ ನಮ್ಮ ಕೆಲಸದ ಭಾಗ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಔಷಧಿಯ ಮಾತಿಗೆ ಬರುತ್ತೇನೆ. ನಾನು ಸೇರಿದಾಗ ಇಲಿ ಪಾಷಾಣವನ್ನು ಬೋಂಡದಲ್ಲೋ ಮುದ್ದೆಯಲ್ಲೋ ಕಲೆಸಿ ಇಡುವುದು. ಒಂದು ಇಲಿ ತಿಂದು ಒದ್ದಾಡಿದ್ದನ್ನು ಕಂಡರೆ ಉಳಿದವು ಆ ಕಡೆ ತಲೆ ಹಾಕುತ್ತಿರಲಿಲ್ಲ. ಆಮೇಲೆ ನಿಧಾನವಾಗಿ ಕೊಲ್ಲುವ ಕೇಕುಗಳು ಬಂದವು. ನೀಲಿ ಬಣ್ಣದ ಸಣ್ಣ ಇಟ್ಟಿಗೆಯಂತಿರುತ್ತಿದ್ದವು. ಇಟ್ಟ ಮಾರನೇ ದಿನ ಕೇಕು ಮಾಯ. ನಾನೂ ಮುನಿಯಪ್ಪನವರೂ, ಎಲ್ಲ ತಿಂದಿವೆ ಎಂದು ಖುಷಿಯಿಂದ ಮತ್ತಷ್ಟು ಇಡುತ್ತಿದ್ದೆವು. ಹೊಸದಾಗಿ ಬಂದಿದ್ದ ಮ್ಯಾನೇಜರ್ ಶ್ರೀಧರ್ ಮಾತ್ರ, "ತಿಂದಿವೆ ಅಂತ ಹೆಂಗ್ ಹೇಳ್ತೀರಾ? ಸಾಗಿಸಿರಬಹುದಲ್ವಾ? ತಂತಿಯಲ್ಲಿ ಕಟ್ಟಿ ಇಡಿ" ಎಂದರು. ಓದಿ ಬಂದವನಿಗೆ ಇಲಿಯ ವಿಷಯ ಏನು ಗೊತ್ತು ಎಂದು ನಾವು ಹಿಂದಿನಿಂದ ನಕ್ಕೆವು.

ಬಸವನಗುಡಿಯ ಒಂದು ವಠಾರದಲ್ಲಿ ನಮ್ಮ ನಗು ನಿಂತಿತು. ಒಂದು ಮನೆಯಲ್ಲಿಟ್ಟ ಕೇಕುಗಳು ಜಂಟಿ ಅಟ್ಟದ ಮೇಲಿಂದ ಸಾಗಿ ಪಕ್ಕದ ಮನೆಯ ಹುರಿಗಡಲೆ ಡಬ್ಬಿಯ ಹಿಂದೆ ನೀಟಾಗಿ ಸೇರಿಕೊಂಡಿದ್ದವು. ಆ ಮನೆಯಾಕೆ ಸಿಹಿ ತಿಂಡಿಯೆಂದು ಕೈಯಲ್ಲಿ ಹಿಡಿದು, ಬಣ್ಣ ನೋಡಿ ಅನುಮಾನ ಬಂದು ಇಟ್ಟರು. ಪುಣ್ಯಕ್ಕೆ ಅಷ್ಟಕ್ಕೇ ಮುಗಿಯಿತು. ಶ್ರೀಧರ್ ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ಎರಡು ಕಟ್ಟಳೆ ಬಂದವು. ಕೇಕನ್ನು ತಂತಿಯಲ್ಲಿ ಕಟ್ಟಬೇಕು. ಅಟ್ಟ ಜಂಟಿಯಾಗಿದ್ದರೆ ಎರಡೂ ಮನೆಯ ಬಾಗಿಲು ತಟ್ಟಬೇಕು, ಇಲಿಯ ಉಗ್ರಾಣ ಎಲ್ಲಿದೆ ಎಂದು ನೋಡಿ ಖಾಲಿ ಮಾಡಿದ ಮೇಲೆಯೇ ಔಷಧಿ. ಈ ಎರಡನೇ ಕಟ್ಟಳೆಯಿಂದಲೇ ನಾನು ಚಾಮರಾಜಪೇಟೆಯ ಆ ಮನೆಯಲ್ಲಿ ಸಿಕ್ಕಿಬಿದ್ದದ್ದು.

ಅಷ್ಟು ಹೊತ್ತಿಗೆ ಎರಡು ಸಾವಿರದ ಇಸವಿ ದಾಟಿತ್ತು. ಮುನಿಯಪ್ಪನವರು ತೀರಿಕೊಂಡಿದ್ದರು. ನನ್ನ ಮಂಡಿಗಳು ಏಣಿ ಕಂಡರೆ ನೋಯಲು ಶುರುವಾಗಿದ್ದವು.

ಹಳೇ ಹೆಂಚಿನ ಮನೆ. ಜಗಲಿಯ ಮಧ್ಯದಿಂದ ಶುರುವಾದ ಗೋಡೆ ನಡುಮನೆಯನ್ನು ಸೀಳಿಕೊಂಡು ಹಿತ್ತಲ ತನಕ ಹೋಗಿತ್ತು. ಒಂದು ಕಡೆಯ ಬಾಗಿಲಿಗೆ ಹಸಿರು ಬಣ್ಣ, ಇನ್ನೊಂದಕ್ಕೆ ಕಂದು. ನಮಗೆ ಫೋನ್ ಮಾಡಿದ್ದು ಹಸಿರು ಬಾಗಿಲಿನ ಮನೆಯ ಸೊಸೆ ಮಾಲಿನಿ. ನಡುಮನೆಯಲ್ಲಿ ಆಕೆಯ ಅತ್ತೆ ಗೌರಮ್ಮನವರು ಮಣೆಯ ಮೇಲೆ ಕೂತು, ಮೊರದ ತುಂಬ ಬಿಡಿಸಿದ ಹತ್ತಿ ಹರಡಿಕೊಂಡು, ಅಂಗೈಗೆ ವಿಭೂತಿ ಹಚ್ಚಿಕೊಂಡು ಬತ್ತಿ ಹೊಸೆಯುತ್ತಿದ್ದರು. ಬೆನ್ನನ್ನು ಆ ಪಾಲಿನ ಗೋಡೆಗೇ ಒರಗಿಸಿದ್ದರು. ಹೊಸೆದದ್ದನ್ನು ಕುಂಕುಮದ ನೀರಿನಲ್ಲಿ ಅದ್ದಿದ ಕೆಂಪು ದಾರದಿಂದ ಕಟ್ಟು ಕಟ್ಟಿ ಪಕ್ಕದಲ್ಲಿ ಜೋಡಿಸುತ್ತಿದ್ದರು. ಲಕ್ಷ ಬತ್ತಿಯ ವ್ರತ. ಲಕ್ಷ ಬತ್ತಿಯನ್ನೂ ಮನೆಯವರೇ ಹೊಸೆದು, ತುಪ್ಪದಲ್ಲಿ ನೆನೆಸಿ, ಕಾರ್ತಿಕದಲ್ಲಿ ದೇವರ ಮುಂದೆ ಹಚ್ಚಬೇಕು. ಎಣಿಕೆ ಕಡಿಮೆ ಬೀಳಬಾರದು.

"ಏನೇನು ಕಳ್ದಿದೆಯಮ್ಮ?" ಎಂದೆ.

"ಬತ್ತಿ" ಎಂದರು ಗೌರಮ್ಮ. "ತುಪ್ಪದಲ್ಲಿ ನೆನೆಸಿಟ್ಟಿದ್ದ ಕಟ್ಟು. ಇಲಿ ಅಂತಾಳೆ ನಮ್ಮ ಸೊಸೆ. ಇಲಿಗೆ ಬತ್ತಿ ಯಾಕಪ್ಪ? ದೀಪ ಹಚ್ಚಕ್ಕಾ?" ಆಮೇಲೆ ತಲೆಯನ್ನು ಸ್ವಲ್ಪ ಹಿಂದಕ್ಕೆ, ಗೋಡೆಯ ಕಡೆಗೆ ಆಡಿಸಿ, ದನಿ ತಗ್ಗಿಸಿದರು. "ಇದು ಮೊದಲ್ನೇ ಸಲ ಅಲ್ಲ."

ತುಪ್ಪ ಇಲಿಗೆ ತಿಂಡಿ, ಹತ್ತಿ ಅದಕ್ಕೆ ಹಾಸಿಗೆ, ಎರಡೂ ಒಟ್ಟಿಗೆ ಸಿಕ್ಕರೆ ಬಿಡುತ್ತದೆಯೇ ಎಂದು ವಿವರಿಸಿದೆ. ಅವರು ಕೇಳಿಸಿಕೊಳ್ಳಲಿಲ್ಲ.

ಹಿತ್ತಲಲ್ಲಿ ಏಣಿ ಕೊಡುವಾಗ ಮಾಲಿನಿ ಉಳಿದದ್ದನ್ನು ಹೇಳಿದರು. ಆ ಕಡೆ ಇರುವವರು ಗೌರಮ್ಮನವರ ಮೈದುನನ ಹೆಂಡತಿ, ಲಲಿತಮ್ಮ. ಒಂದೇ ಅಡುಗೆಮನೆಯಲ್ಲಿ ಬೇಯಿಸಿಕೊಂಡು ಇದ್ದವರು. ಬಹಳ ಹಿಂದೆ ಗೌರಮ್ಮನವರ ಗಂಡನಿಗೆ ಕಿಡ್ನಿ ಕೆಟ್ಟು ಆಸ್ಪತ್ರೆಯಲ್ಲಿದ್ದಾಗ ಈಕೆ ಇದೇ ವ್ರತ ಹಿಡಿದರು. ಇಬ್ಬರು ಓರಗಿತ್ತಿಯರೂ ಕೂತು ಹೊಸೆದರು. ದೀಪ ಹಚ್ಚುವ ಹೊತ್ತಿಗೆ ಎಣಿಸಿದರೆ ಕೆಲವು ಕಟ್ಟು ಇಲ್ಲ. ಮತ್ತೆ ಹೊಸೆಯಲು ಹೊತ್ತಿಲ್ಲ. ಆ ಕೋಣೆಗೆ ಹೋಗುತ್ತಿದ್ದವರು ಇಬ್ಬರೇ. ವ್ರತ ನಿಂತಿತು. ಆ ತಿಂಗಳೊಳಗೆ ಮಾವನವರು ಹೋದರು.

"ನಮ್ಮತ್ತೆ ಅವರನ್ನ, ನಮ್ಮನೆ ದೀಪ ಆರಿಸಿದೋಳು ಅಂದ್ಬಿಟ್ರಂತೆ" ಎಂದರು ಮಾಲಿನಿ. "ಆಮೇಲೆ ಈ ಗೋಡೆ ಎದ್ದಿತು. ಈಗ ಅತ್ತೆಗೂ ವಯಸ್ಸಾಯ್ತು, ಅವತ್ತು ನಿಂತಿದ್ದನ್ನ ಮುಗಿಸಿ ಹೋಗ್ಬೇಕು ಅಂತ ಕೂತಿದ್ದಾರೆ. ಈಗ್ಲೂ ಕಟ್ಟು ಕಳೀತಿದೆ. ಮತ್ತೆ ಅವರ ಮೇಲೇ ಅನುಮಾನ. ಅದಕ್ಕೇ ನಿಮಗೆ ಫೋನ್ ಮಾಡ್ದೆ."

ಇಂಥ ಮಾತು ಕೇಳಿ ಕೇಳಿ ಆ ಹೊತ್ತಿಗೆ ನನಗೆ ಸಾಕಾಗಿತ್ತು. ಇಲಿ ಹಿಡಿಯಲು ಹೋದರೆ ಮನೆಯ ಜಗಳವೂ ಬೋನಿಗೆ ಬೀಳುತ್ತದೆ. ತಲೆಯಾಡಿಸಿ ಏಣಿ ಹತ್ತಿದೆ.

ಗೋಡೆ ಅಟ್ಟದ ಹಲಗೆಯ ಕೆಳಗೇ ನಿಂತಿತ್ತು. ಮೇಲೆ ಅಟ್ಟ ಎರಡೂ ಮನೆಗೆ ಒಂದೇ. ಸರಿಯಾಗಿ ಆ ಗೋಡೆಯ ನೆತ್ತಿಯ ಮೇಲೆ, ಹಳೇ ಚಾಪೆ ಹೊದಿಸಿದ ದೊಡ್ಡ ತಾಮ್ರದ ಹಂಡೆ ಮಗ್ಗುಲಾಗಿ ಬಿದ್ದಿತ್ತು. ಹಿಕ್ಕೆಗಳ ಸಾಲು ಅದರ ಬಾಯಿಗೇ ಹೋಗಿತ್ತು.

"ಅದನ್ನ ಮಾತ್ರ ಮುಟ್ಬೇಡಿ" ಎಂದು ಮಾಲಿನಿ ಕೆಳಗಿನಿಂದ ಕೂಗಿದರು. "ಅದಿನ್ನೂ ಪಾಲಾಗಿಲ್ಲ!"

ಮನೆ ಪಾಲಾಗಿದೆ, ಬಾವಿ ಪಾಲಾಗಿದೆ, ಜಗಲಿ ಪಾಲಾಗಿದೆ, ಈ ಹಂಡೆ ಯಾರದು ಎನ್ನುವುದು ತೀರ್ಮಾನವಾಗದೆ ಅಷ್ಟು ವರ್ಷ ಅಲ್ಲೇ ಬಿದ್ದಿದೆ. ಯಾರು ಇಳಿಸಿದರೂ ಇನ್ನೊಬ್ಬರು ಜಗಳಕ್ಕೆ ಬರುತ್ತಾರೆಂದು ಯಾರೂ ಹತ್ತಿರ ಹೋಗಿಲ್ಲ. ಇದರೊಳಗೆ ನೋಡದೆ ನನ್ನ ಕೆಲಸ ಆಗುವುದಿಲ್ಲ ಎಂದೆ. ಗೌರಮ್ಮನವರ ದನಿ ಬಂತು: "ಇಳಿಸೋದ್ ಬೇಡ. ಅಲ್ಲೇ ನೋಡ್ಲಿ."

ಕೈಗೆ ಗೋಣಿಯ ಚೀಲ ಸುತ್ತಿಕೊಂಡು ಒಳಗೆ ಹಾಕಿದೆ. ಮೇಲೆಯೇ ಬಿಳಿಯ ಹೊಸ ಬತ್ತಿ ಸಿಕ್ಕಿತು. ಅದರ ಕೆಳಗೆ ಕೊಬ್ಬರಿ ಚೂರು, ಅಡಿಕೆ, ಸವೆದ ಸೋಪಿನ ತುಂಡು, ಚೂರುಚೂರಾದ ಪಂಚಾಂಗ. ಇಲಿಗೆ ಆಯಸ್ಸು ಕಡಿಮೆ, ಆದರೆ ಒಳ್ಳೆಯ ಜಾಗವನ್ನು ಒಂದು ಬಿಟ್ಟರೆ ಇನ್ನೊಂದು ಹಿಡಿಯುತ್ತದೆ. ಕೆಳಕ್ಕೆ ಹೋದಷ್ಟೂ ಹಳೆಯ ಕಾಲ. ತೀರ ತಳದಲ್ಲಿ ಕಂದು ಬಣ್ಣಕ್ಕೆ ತಿರುಗಿದ, ಗಟ್ಟಿಯಾದ ಹತ್ತಿಯ ಮುದ್ದೆಗಳು. ಒಂದನ್ನು ಇಲಿ ಕಿತ್ತು ಹಾಸಿತ್ತು. ಇನ್ನೆರಡು ಕಟ್ಟಾಗಿಯೇ ಉಳಿದಿದ್ದವು. ಬಣ್ಣ ಮಾಸಿದ ಕೆಂಪು ದಾರ ಹಾಗೆಯೇ ಇತ್ತು.

ಎಲ್ಲವನ್ನೂ ಪೇಪರಿನಲ್ಲಿ ಹಾಕಿಕೊಂಡು ಇಳಿದು ಗೌರಮ್ಮನವರ ಮುಂದಿಟ್ಟೆ. ಅವರು ಹೊಸ ಬತ್ತಿಯನ್ನು ನೋಡಲಿಲ್ಲ. ಹಳೆಯ ಕಟ್ಟೊಂದನ್ನು ಎತ್ತಿಕೊಂಡು ಗಂಟನ್ನು ಬೆರಳಿನಲ್ಲಿ ತಿರುಗಿಸಿದರು. ಎರಡು ಸುತ್ತು ಸುತ್ತಿ ಕುಣಿಕೆಯೊಳಗೆ ಎಳೆದ ಗಂಟು. ಪಕ್ಕದಲ್ಲಿದ್ದ ಇವತ್ತಿನ ಕಟ್ಟುಗಳ ಮೇಲೂ ಅದೇ.

"ಇದು ನನ್ನ ಗಂಟು" ಎಂದರು.

ಗೋಡೆಯ ಆ ಕಡೆ ಕುಕ್ಕರ್ ಕೂಗಿತು. ಗೌರಮ್ಮ ಅದನ್ನು ಕೇಳಿ, ಯಾರಿಗೆಂದು ಗೊತ್ತಾಗದ ಹಾಗೆ, "ಇವತ್ತು ಬೇಳೆ ಬೇಗ ಇಟ್ಟಿದ್ದಾಳೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇದನ್ನ ಎಲ್ಲಿತ್ತೋ ಅಲ್ಲೇ ಹಾಕ್ಬಿಡಪ್ಪ" ಎಂದರು.

"ಹಂಗ್ ಹಾಕಕ್ಕಾಗಲ್ಲಮ್ಮ. ಮತ್ತೆ ಇಲಿ ಬರತ್ತೆ."

"ಬರ್ಲಿ. ನಾನು ಹೋಗಿ ಏನಂತ ಹೇಳ್ಲಿ? ಇಲಿ ತಗೊಂಡ್ಹೋಗಿತ್ತು ಕಣೇ, ನಾನು ಸುಮ್ನೆ ಅಂದ್ಬಿಟ್ಟೆ ಅಂತಲಾ? ಅವಳ ಗಂಡ ಹೋದಾಗ ನಾನು ಗೇಟಿನ ತನಕ ಹೋಗಿ ವಾಪಸ್ ಬಂದೆ. ಒಳಗೆ ಹೋಗ್ಲಿಲ್ಲ. ಇಷ್ಟೆಲ್ಲ ಆದ್ಮೇಲೆ ಇಲಿ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಅಟ್ಟ ಜಂಟಿಯಾದ್ದರಿಂದ ಆ ಮನೆಗೂ ಹೋಗಲೇಬೇಕು ಎಂದಷ್ಟೇ ಹೇಳಿದೆ. ಅವರು ಹಳೆಯ ಕಟ್ಟುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, "ಹೋಗು. ಇದು ಮಾತ್ರ ಬಾಯಿ ಬಿಡಬೇಡ" ಎಂದರು.

ಕಂದು ಬಾಗಿಲು ತಟ್ಟಿದೆ. ಬಾಗಿಲು ತೆಗೆದ ಲಲಿತಮ್ಮನವರು ದಪ್ಪ ಕನ್ನಡಕದ, ಸಣ್ಣ ಮೈಯ ಹೆಂಗಸು. "ಹಿಂದಿನಿಂದ ಯಾಕೆ, ಇಲ್ಲೇ ಬನ್ನಿ" ಎಂದು ಮುಂಬಾಗಿಲಿನಿಂದಲೇ ಒಳಗೆ ಕರೆದು, ಹುರುಳಿಕಾಯಿ ಹೆಚ್ಚಲು ಕೂತರು. ಅವರ ನಡುಮನೆಯ ಗೋಡೆಯೂ ಇದೇ ಗೋಡೆಯ ಇನ್ನೊಂದು ಮುಖ. ನನಗೆ ನೆಲದ ಮೇಲೆ ಕೂರಲು ಹೇಳಿದರು, ಮಂಡಿ ನೋವಿದ್ದರೂ ಕೂತೆ.

"ಆ ಕಡೆ ಏನ್ ಸಿಕ್ತು?"

"ಇಲಿಗೂಡು ಸಿಕ್ತಮ್ಮ."

"ಎಲ್ಲಿ? ಹಂಡೇಲಾ?"

ನಾನು ಕೈಯಲ್ಲಿದ್ದ ಗೋಣಿಚೀಲ ಮಡಿಸತೊಡಗಿದೆ. ಅವರು ಚಾಕು ಕೆಳಗಿಟ್ಟರು.

"ಬತ್ತಿ ಸಿಕ್ತಾ?"

ಮಾತು ಕೊಟ್ಟು ಬಂದಿದ್ದೆ, ಬಾಯಿ ಬಿಡಲಿಲ್ಲ. ನನ್ನ ಮುಖವೇ ಎಲ್ಲ ಹೇಳಿರಬೇಕು. ಲಲಿತಮ್ಮನವರು ಕನ್ನಡಕ ತೆಗೆದು ಒರೆಸಿಕೊಂಡರು. ಗೋಡೆಗೆ ಕೇಳದ ಹಾಗೆ ಮೆಲ್ಲಗೆ ಮಾತಾಡಿದರು.

"ಅವತ್ತೇ ಹೇಳ್ದೆ ರೀ. ರಾತ್ರಿ ಅಟ್ಟದ ಮೇಲೆ ಏನೋ ಎಳ್ದಂಗೆ ಕೇಳ್ತಿತ್ತು. ಅಕ್ಕಾ, ಹಂಡೆ ಇಳಿಸಿ ನೋಡೋಣ ಅಂದೆ. ಈಗ ನಿನಗೆ ಹಂಡೆ ಮೇಲೂ ಕಣ್ಣಾ ಅಂದ್ಬಿಟ್ರು. ಅದು ನಮ್ಮತ್ತೆ ಕಾಲದ ಹಂಡೆ, ಯಾರಿಗೂ ಪಾಲು ಹಾಕಿರ್ಲಿಲ್ಲ. ಭಾವ ಆಸ್ಪತ್ರೇಲಿ, ನಾನು ಹಂಡೆ ಕೇಳ್ದೆ ಅಂತ ನೆಂಟರಿಗೆಲ್ಲ ಗೊತ್ತಾಯ್ತು. ಆಮೇಲೆ ಆ ಹಂಡೆ ಹೆಸರು ಎತ್ತೋ ಧೈರ್ಯ ನನಗೆ ಬರ್ಲೇ ಇಲ್ಲ." ಕನ್ನಡಕ ಹಾಕಿಕೊಂಡು, "ಅವರು ನೋಡಿದ್ರಾ?" ಎಂದರು.

"ನೋಡಿದ್ರು."

"ಏನಂದ್ರು?"

"ಏನೂ ಅನ್ಲಿಲ್ಲಮ್ಮ."

"ಹ್ಞೂಂ" ಎಂದು ಮತ್ತೆ ಚಾಕು ಎತ್ತಿಕೊಂಡರು. ಹುರುಳಿಕಾಯಿಯ ತೊಟ್ಟನ್ನೂ ಸೇರಿಸಿಯೇ ಹೆಚ್ಚುತ್ತಿದ್ದರು.

ಅವತ್ತು ಮನೆಗೆ ಹೋಗಿ ಊಟ ಸೇರಲಿಲ್ಲ. ನನ್ನ ಹೆಂಡತಿ ಏನಾಯಿತೆಂದು ಕೇಳಿದಳು. ಮಂಡಿ ನೋವು ಎಂದೆ. ಇಲಿಗೆ ಬುದ್ಧಿಯಿಲ್ಲ, ಸಿಕ್ಕಿದ್ದನ್ನು 'ಒಂದು ದಿನಕ್ಕೆ ಇರಲಿ' ಎಂದು ಹಂಡೆಗೆ ತುಂಬಿತು, ಆಮೇಲೆ ಮರೆತು ಸತ್ತಿತು. ಕಷ್ಟಪಟ್ಟದ್ದು ಅದನ್ನು ಮರೆಯದೆ ಇಟ್ಟುಕೊಂಡವರು. ಈ ಕೆಲಸ ಬಿಟ್ಟುಬಿಡಬೇಕು ಎಂದು ನಾನು ಮೊದಲ ಸಲ ಗಟ್ಟಿಯಾಗಿ ಅಂದುಕೊಂಡದ್ದು ಅವತ್ತು.

ಗೂಡು ತೆಗೆದ ಮೇಲೆ ಹದಿನೈದು ದಿನ ಬಿಟ್ಟು ಮತ್ತೆ ಹೋಗಿ ನೋಡಬೇಕು, ಅದು ಕಂಪನಿಯ ಪದ್ಧತಿ. ಹೋದೆ. ಕಾರ್ತಿಕ ಆಗಲೇ ಬಂದಿತ್ತು. ಗೌರಮ್ಮನವರು ಅದೇ ಗೋಡೆಗೆ ಒರಗಿ ಕೂತಿದ್ದರು, ಎದುರಿಗಿದ್ದ ಮೊರ ಖಾಲಿ. ಬತ್ತಿ ಮುಗಿಯಿತೇ ಎಂದು ಕೇಳಿದೆ. ಒಂದು ಬಟ್ಟೆಯ ಚೀಲವನ್ನು ನನ್ನ ಕಡೆ ತಳ್ಳಿದರು.

"ಆ ಕಡೆ ಹೆಂಗಿದ್ರೂ ಹೋಗ್ತೀಯಲ್ಲ. ಇದನ್ನ ಕೊಟ್ಬಿಡು."

"ಏನಂತ ಹೇಳ್ಲಮ್ಮ?"

"ಏನೂ ಹೇಳ್ಬೇಡ. ಅವತ್ತು ಕಮ್ಮಿ ಬಿದ್ದಿದ್ದು ಅವಳ ಕೈಯಲ್ಲೇ ಆಗ್ಬೇಕು. ಬೇರೆ ಯಾರು ಹೊಸೆದ್ರೂ ನನ್ನ ವ್ರತ ಮುಗಿಯಲ್ಲ. ಅವಳಿಗೆ ಗೊತ್ತಾಗತ್ತೆ."

ಬೋನಿನ ಪೆಟ್ಟಿಗೆ ಒಂದು ಕೈಯಲ್ಲಿ, ಆ ಚೀಲ ಇನ್ನೊಂದರಲ್ಲಿ ಹಿಡಿದು ಕಂದು ಬಾಗಿಲಿಗೆ ಹೋದೆ. ಆಗ ಈ ಮನೆಯ ಬತ್ತಿ ಸಾಗಿಸಿದ್ದು ಇಲಿ, ಈಗ ನಾನು ಎಂದುಕೊಂಡು ಒಬ್ಬನೇ ನಕ್ಕೆ.

ಲಲಿತಮ್ಮನವರು ಚೀಲ ಬಿಚ್ಚಿದರು. ಒಳಗೆ ಬಿಡಿಸಿದ ಬಿಳಿ ಹತ್ತಿ, ಕೆಂಪು ದಾರದ ಉಂಡೆ. ಅವೆರಡರ ಮೇಲೆ ಹಂಡೆಯ ತಳದಲ್ಲಿ ಸಿಕ್ಕಿದ್ದ ಕಂದು ಬಣ್ಣದ ಒಂದು ಹಳೆಯ ಕಟ್ಟು. ಅದನ್ನು ಕೈಗೆ ತೆಗೆದುಕೊಂಡವರು ಬಹಳ ಹೊತ್ತು ಬಿಡಲಿಲ್ಲ. ನಾನು ಗೋಡೆಯ ಪಕ್ಕ ಕಾಲು ಚಾಚಿ ಕೂತಿದ್ದೆ. ಬೆಳಗಿನಿಂದ ಮೂರು ಮನೆಯ ಏಣಿ ಹತ್ತಿ ಇಳಿದಿದ್ದೆ, ಮೈಯಲ್ಲಿ ಏನೂ ಉಳಿದಿರಲಿಲ್ಲ.

"ಅವತ್ತು ಎಷ್ಟು ಕಟ್ಟು ಕಮ್ಮಿ ಬಿದ್ದಿತ್ತು?" ಎಂದರು ಲಲಿತಮ್ಮ. "ನನಗೆ ಮರ್ತೇಹೋಗಿದೆ. ಎರಡೋ ಮೂರೋ. ಹೋಗಿ ಕೇಳ್ಕೊಂಡ್ ಬನ್ನಿ."

ನಾನು ಏಳಲು ನೋಡಿದೆ. ಮಂಡಿ ಏಳಲಿಲ್ಲ. ಗೋಡೆ ಹಿಡಿದು ಇನ್ನೊಮ್ಮೆ ನೋಡಿದೆ, ಅರ್ಧಕ್ಕೇ ಮತ್ತೆ ಕುಸಿದು ಕೂತೆ. "ಒಂದು ನಿಮಿಷ ತಾಯಿ, ಕಾಲು ಹಿಡ್ಕೊಂಡಿದೆ" ಎಂದೆ. ಅವರು ನನ್ನನ್ನು ನೋಡಿದರು, ಗೋಡೆಯನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ನಾಲಿಗೆಯಲ್ಲಿ ಲೊಚಗುಟ್ಟಿದರು.

"ನಿಮ್ಮ ಮಂಡಿ ನಂಬ್ಕೊಂಡ್ರೆ ಕಾರ್ತಿಕ ಮುಗ್ದೇ ಹೋಗತ್ತೆ" ಎಂದರು.

ಇಷ್ಟು ವರ್ಷದ ಕೆಲಸದಲ್ಲಿ ನನ್ನ ದಣಿವಿನಿಂದ ಯಾರಿಗಾದರೂ ಒಳ್ಳೆಯದಾಗಿದ್ದರೆ ಅದು ಅವತ್ತು ಮಾತ್ರ. ಲಲಿತಮ್ಮನವರು ಹಳೆಯ ಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು, ಗೋಡೆಯ ಕಡೆ ತಿರುಗಿ, ಅಡುಗೆಮನೆಯಿಂದ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳುವವರ ಹಾಗೆ ಕೂಗಿದರು.

"ಅಕ್ಕಾ! ಎಷ್ಟು ಕಟ್ಟು ಕಮ್ಮಿ ಬಿದ್ದಿತ್ತು?"

ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಲಲಿತಮ್ಮನವರ ಕೈ ಹತ್ತಿಯ ಮೇಲೆ ಹಾಗೇ ನಿಂತಿತ್ತು. ಆಮೇಲೆ, ನನ್ನ ತಲೆಯ ಹಿಂದಿನ ಗಾರೆಯಿಂದಲೇ ಬಂದಷ್ಟು ಹತ್ತಿರದಲ್ಲಿ, ಮುರಿದ ದನಿಯಲ್ಲಿ ಉತ್ತರ ಬಂತು.

"ಮೂರು ಕಣೇ, ಲಲಿತಾ."